256 ಜಿಬಿಗೆ 32ರ ಎಂಟು ರ‍್ಯಾಮ್ ಸ್ಟಿಕ್ ಹಾಕಲೋ, 64ರ ನಾಲ್ಕು ಹಾಕಲೋ? ಹಳೆಯ ಡ್ಯುಯಲ್ ಜಿಯಾನ್ ವರ್ಕ್‌ಸ್ಟೇಷನ್

ಕಲ್ಲುಮಂಟಪ · ಸೋಮವಾರ ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಹಾಸನದಲ್ಲಿ ನಾವು ಇಬ್ಬರು ಸೇರಿ ಹಳೆಯ ದೇವಸ್ಥಾನ, ಮಂಟಪ, ವೀರಗಲ್ಲುಗಳ ಫೋಟೋ ತೆಗೆದು ಅದರಿಂದ 3ಡಿ ಮಾದರಿ ಮಾಡುತ್ತೇವೆ. ಹೊಯ್ಸಳರ ಕೆತ್ತನೆ ಅಂದರೆ ನಿಮಗೆ ಗೊತ್ತಲ್ಲ, ಒಂದು ಕಂಬಕ್ಕೇ ಆರೇಳು ನೂರು ಫೋಟೋ ಬೇಕು. ಇಡೀ ಮಂಟಪ ಅಂದರೆ ನಾಲ್ಕೈದು ಸಾವಿರ. ಮೆಶ್ (ಮಾದರಿಯ ಮೇಲ್ಮೈಯ ಜಾಲ) ಕಟ್ಟುವ ಹಂತಕ್ಕೆ ಬಂದ ಕೂಡಲೇ 64 ಜಿಬಿ ರ‍್ಯಾಮ್ ತುಂಬಿಹೋಗುತ್ತದೆ. ಹೋದ ವಾರ ಒಂದು ಕೆಲಸ 19 ಗಂಟೆ ಓಡಿ, ಕೊನೆಗೆ ಮೆಮೊರಿ ಸಾಲದೆ ನಿಂತುಹೋಯಿತು. ಮತ್ತೆ ಮೊದಲಿಂದ.

ನಮ್ಮ ಯಂತ್ರ ಸೆಕೆಂಡ್ ಹ್ಯಾಂಡ್ ಎಚ್‌ಪಿ ಝಡ್840. ಎರಡು ಜಿಯಾನ್ ಇ5-2690 ವಿ4 ಪ್ರೊಸೆಸರ್, ರ‍್ಯಾಮ್‌ಗೆ 16 ಸ್ಲಾಟ್. ಈಗ 16 ಜಿಬಿಯ ನಾಲ್ಕು ಸ್ಟಿಕ್ ಇವೆ. ಲೇಬಲ್ ಮೇಲೆ "1ಆರ್‌ಎಕ್ಸ್4 ಪಿಸಿ4-2400ಟಿ-ಆರ್" ಅಂತ ಇದೆ.

ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಎರಡು ಕಡೆ ವಿಚಾರಿಸಿದೆ. ಒಬ್ಬರು 32 ಜಿಬಿಯ ಎಂಟು ತಗೊಳ್ಳಿ ಅಂದರು. ಇನ್ನೊಬ್ಬರು 64 ಜಿಬಿಯ ನಾಲ್ಕು ತಗೊಳ್ಳಿ, ಮುಂದೆ ಬೇಕಾದರೆ ಇನ್ನೂ ನಾಲ್ಕು ಸೇರಿಸಬಹುದು ಅಂದರು. ಒಟ್ಟು ಬೆಲೆಯಲ್ಲಿ ಹೆಚ್ಚು ವ್ಯತ್ಯಾಸ ಇಲ್ಲ. ಯಾವುದು ಸರಿ? ಹಳೆಯ ನಾಲ್ಕನ್ನೂ ಜೊತೆಗೆ ಇಟ್ಟುಕೊಳ್ಳಬಹುದಾ?

ದಕ್ಷಿಣದ್ವಾರ · 9:20

ಹತ್ತು ವರ್ಷ ಹಳೆಯ ಯಂತ್ರಕ್ಕೆ ದುಡ್ಡು ಸುರಿಯಬೇಡಿ. ಹೊಸ ರೈಜನ್ ಪ್ರೊಸೆಸರ್, ಹೊಸ ತಲೆಮಾರಿನ ಡಿಡಿಆರ್5 ರ‍್ಯಾಮ್ ತಗೊಳ್ಳಿ.

ರ‍್ಯಾಕ್ ಕಾವಲು · 9:41

ಮೇಲಿನವರ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ಕೇಳಿದ ಪ್ರಶ್ನೆಗೆ ಉತ್ತರ: 32ರ ಎಂಟು.

ಕಾರಣ ಚಾನೆಲ್, ಅಂದರೆ ಪ್ರೊಸೆಸರ್ ಮತ್ತು ರ‍್ಯಾಮ್ ನಡುವಿನ ದಾರಿ. ಇ5 ವಿ4 ಪ್ರೊಸೆಸರ್‌ಗೆ ನಾಲ್ಕು ಮೆಮೊರಿ ಚಾನೆಲ್ ಇವೆ. ನಿಮ್ಮದು ಎರಡು ಪ್ರೊಸೆಸರ್, ಹಾಗಾಗಿ ಒಟ್ಟು ಎಂಟು ಚಾನೆಲ್, ಒಂದೊಂದಕ್ಕೆ ಎರಡೆರಡು ಸ್ಲಾಟ್. 2400ರ ವೇಗದಲ್ಲಿ ಒಂದು ಚಾನೆಲ್ ಸೆಕೆಂಡಿಗೆ 19.2 ಜಿಬಿ ಸಾಗಿಸುತ್ತದೆ. ನಾಲ್ಕೂ ತುಂಬಿದರೆ ಒಂದು ಪ್ರೊಸೆಸರ್‌ಗೆ 76.8. 64ರ ನಾಲ್ಕು ಹಾಕಿದರೆ ಪ್ರೊಸೆಸರ್‌ಗೆ ಎರಡೇ ಸ್ಟಿಕ್ ಬೀಳುತ್ತದೆ, 38.4ಕ್ಕೆ ಇಳಿಯುತ್ತದೆ. ನಾಲ್ಕು ಬಾಗಿಲಿನ ಗೋದಾಮಿನಲ್ಲಿ ಎರಡು ಬಾಗಿಲಿಗೆ ಬೀಗ ಹಾಕಿ ಲಾರಿಗೆ ಮೂಟೆ ತುಂಬಿದ ಹಾಗೆ.

ಈಗಲೂ ನೀವು ಅದೇ ಸ್ಥಿತಿಯಲ್ಲೇ ಇದ್ದೀರಿ, ಗಮನಿಸಿ. ನಾಲ್ಕು ಸ್ಟಿಕ್, ಅರ್ಧ ಚಾನೆಲ್ ಖಾಲಿ.

ಇನ್ನೊಂದು ವಿಷಯ. ಆ 64 ಜಿಬಿಯವು ಎಲ್‌ಆರ್‌ಡಿಮ್ ಆಗಿರುವ ಸಾಧ್ಯತೆ ಜಾಸ್ತಿ. ನಿಮ್ಮ ಹಳೆಯವು ಆರ್‌ಡಿಮ್. ಲೇಬಲ್ ಕೊನೆಯ "ಆರ್" ಅದನ್ನೇ ಹೇಳುತ್ತದೆ. ಎರಡನ್ನೂ ಒಂದೇ ಯಂತ್ರದಲ್ಲಿ ಬೆರೆಸುವ ಹಾಗಿಲ್ಲ, ಬೂಟೇ ಆಗುವುದಿಲ್ಲ.

ಕರಾವಳಿ ಕೋಡ್ · 9:58

ಚಾನೆಲ್ ಲೆಕ್ಕ ಸರಿ, ಒಪ್ಪುತ್ತೇನೆ. ಆದರೆ ಅವರ ಕಷ್ಟ ವೇಗದ್ದಲ್ಲ, ಜಾಗದ್ದು. 19 ಗಂಟೆ ಓಡಿ ಕೆಲಸ ಬಿದ್ದದ್ದು ಮೆಮೊರಿ ಸಾಲದೆ. ರ‍್ಯಾಮ್ ಎಷ್ಟೇ ನಿಧಾನ ಆದರೂ ಎಸ್‌ಎಸ್‌ಡಿಗಿಂತ ಎಷ್ಟೋ ಪಟ್ಟು ವೇಗ. 64ರ ಸ್ಟಿಕ್ ತಗೊಂಡರೆ ನಾಳೆ 512 ಬೇಕಾದಾಗ ಇನ್ನೂ ನಾಲ್ಕು ಹಾಕಿದರೆ ಆಯಿತು, ಆಗ ಎಂಟೂ ಚಾನೆಲ್ ತುಂಬುತ್ತವೆ. 16 ಸ್ಲಾಟ್ ತುಂಬಿದರೆ 1 ಟಿಬಿ. 32ರ ಹಾದಿಯಲ್ಲಿ 512ಕ್ಕೇ ಕೊನೆ.

ರ‍್ಯಾಕ್ ಕಾವಲು · 10:05

512 ಜಿಬಿ "ಕೊನೆ" ಅನ್ನುವುದು ಇಬ್ಬರ ಸ್ಟುಡಿಯೋಗೆ ಸಮಸ್ಯೆಯೇ ಅಲ್ಲ. ನಾಳೆ ಬೇಕಾಗಬಹುದು ಅನ್ನುವುದಕ್ಕೆ ಇವತ್ತು ಅರ್ಧ ವೇಗ ಯಾಕೆ ಕೊಡಬೇಕು?

ಕರಾವಳಿ ಕೋಡ್ · 10:09

ಎಲ್ಲ ಕೆಲಸವೂ ಮೆಮೊರಿ ವೇಗಕ್ಕೆ ಕಾಯುವುದಿಲ್ಲ. ಫೋಟೋ ಹೊಂದಿಸುವ ಹಂತದಲ್ಲಿ ಜಿಪಿಯು, ಕೋರ್‌ಗಳದ್ದೇ ಕೆಲಸ ಜಾಸ್ತಿ. ಅಳೆದು ನೋಡದೆ "ಅರ್ಧ ವೇಗ" ಅನ್ನಬೇಡಿ.

ಪ್ರಯೋಗಶಾಲೆ · 10:34

ನಾನು ಅಳೆದಿದ್ದೇನೆ, ಹಾಗಾಗಿ ಮಧ್ಯೆ ಬರುತ್ತೇನೆ. ಧಾರವಾಡದಲ್ಲಿ ಸಸ್ಯಗಳ ಜೀನೋಮ್ ಜೋಡಣೆ ಮಾಡುತ್ತೇವೆ. ನಮ್ಮ ಬಳಿ ಇದೇ ತಲೆಮಾರಿನ ಎರಡು ಯಂತ್ರ ಇದ್ದವು, ಪ್ರೊಸೆಸರ್ ಒಂದೇ. ಒಂದರಲ್ಲಿ ಎಲ್ಲ ಚಾನೆಲ್ ತುಂಬಿದ್ದೆವು, ಇನ್ನೊಂದರಲ್ಲಿ ಅರ್ಧ. ಸ್ಟ್ರೀಮ್ ಅನ್ನುವ ಪರೀಕ್ಷೆ ಓಡಿಸಿದರೆ ವ್ಯತ್ಯಾಸ ಸುಮಾರು ಅರ್ಧಕ್ಕರ್ಧ ಬರುತ್ತಿತ್ತು. ನಿಜವಾದ ಕೆಲಸದಲ್ಲಿ ಅಷ್ಟು ಬರಲಿಲ್ಲ. ಒಂದರಲ್ಲಿ ಸಂಜೆ ಮುಗಿಯುವ ಕೆಲಸ ಇನ್ನೊಂದರಲ್ಲಿ ರಾತ್ರಿ ಊಟದ ಹೊತ್ತಿಗೆ ಮುಗಿಯುತ್ತಿತ್ತು. ಕೆಲವು ಹಂತಗಳಲ್ಲಿ ವ್ಯತ್ಯಾಸವೇ ಇಲ್ಲ.

ಹಾಗಾಗಿ ಇಬ್ಬರೂ ಸರಿ. ಆದರೆ ಬೆಲೆ ಹತ್ತಿರ ಹತ್ತಿರ ಇದ್ದಾಗ, 256 ಸಾಕು ಅನ್ನಿಸಿದಾಗ, 32ರ ಎಂಟನ್ನು ಬಿಡಲು ಕಾರಣ ನನಗೆ ಕಾಣುವುದಿಲ್ಲ. ನಮಗೆ 512 ಮೊದಲ ದಿನದಿಂದಲೇ ಬೇಕಿತ್ತು, ಮುಂದೆ 1 ಟಿಬಿ ಬೇಕಾಗುತ್ತದೆ ಅಂತಲೂ ಗೊತ್ತಿತ್ತು. ಅದಕ್ಕೇ 64ರ ಎಲ್‌ಆರ್‌ಡಿಮ್ ಎಂಟು ಹಾಕಿದೆವು.

ಕಲ್ಲುಮಂಟಪ ಅವರೇ, ಕೊಳ್ಳುವ ಮೊದಲು ಒಂದು ಕೆಲಸ ಮಾಡಿ. ಫೋಟೋಗಳನ್ನು ಅರ್ಧ ಮಾಡಿ ಓಡಿಸಿ, ಗರಿಷ್ಠ ಎಷ್ಟು ಮೆಮೊರಿ ತಿನ್ನುತ್ತದೆ ಅಂತ ಬರೆದಿಟ್ಟುಕೊಳ್ಳಿ. ಆಮೇಲೆ ಮುಕ್ಕಾಲು ಭಾಗ ಓಡಿಸಿ. ಬೆಳೆಯುವ ರೀತಿ ಗೊತ್ತಾದರೆ 256 ಸಾಕೋ ಇಲ್ಲವೋ ತಿಳಿಯುತ್ತದೆ.

ಕಲ್ಲುಮಂಟಪ · 10:50

ತುಂಬಾ ಥ್ಯಾಂಕ್ಸ್ ಮೇಡಂ. ನಾಳೆಯೇ ಮಾಡುತ್ತೇನೆ. ಈ ಆರ್‌ಡಿಮ್, ಎಲ್‌ಆರ್‌ಡಿಮ್ ವ್ಯತ್ಯಾಸ ಯಾರಾದರೂ ಸರಳವಾಗಿ ಹೇಳಬಹುದಾ? ಅಂಗಡಿಯಲ್ಲಿ ಕೇಳಿದರೆ "ಎರಡೂ ಸರ್ವರ್ ರ‍್ಯಾಮೇ" ಅಂದರು.

ಮೈನ್ ನದಿ ದಂಡೆ · 11:26

ಫ್ರಾಂಕ್‌ಫರ್ಟ್‌ನಿಂದ ಬರೆಯುತ್ತಿದ್ದೇನೆ. ಡೇಟಾ ಸೆಂಟರ್‌ನಲ್ಲಿ ಕೆಲಸ, ದಿನಾ ಇವನ್ನೇ ಮುಟ್ಟುತ್ತೇನೆ.

ಮನೆಯ ಪಿಸಿಯ ರ‍್ಯಾಮ್ ಯುಡಿಮ್. ಪ್ರೊಸೆಸರ್ ಕೊಡುವ ಆದೇಶ ನೇರವಾಗಿ ಪ್ರತಿ ಚಿಪ್‌ಗೂ ಹೋಗುತ್ತದೆ. ಚಿಪ್ ಹೆಚ್ಚಾದಷ್ಟೂ ಆ ತಂತಿಯ ಮೇಲೆ ಭಾರ ಹೆಚ್ಚುತ್ತದೆ, ಸಿಗ್ನಲ್ ಮಸುಕಾಗುತ್ತದೆ. ಆರ್‌ಡಿಮ್‌ನಲ್ಲಿ ಸ್ಟಿಕ್‌ನ ನಡುವೆ ರಿಜಿಸ್ಟರ್ ಅನ್ನುವ ಒಂದು ಚಿಪ್ ಕೂತಿರುತ್ತದೆ. ಆದೇಶವನ್ನು ಅದು ಮೊದಲು ತಾನು ತಗೊಂಡು, ಮತ್ತೆ ಗಟ್ಟಿಯಾಗಿ ಉಳಿದ ಚಿಪ್‌ಗಳಿಗೆ ಹೇಳುತ್ತದೆ. ಎಲ್‌ಆರ್‌ಡಿಮ್‌ನಲ್ಲಿ ಆದೇಶದ ಜೊತೆಗೆ ಡೇಟಾ ಸಾಗುವ ತಂತಿಗಳಿಗೂ ಬಫರ್ ಚಿಪ್ ಇರುತ್ತವೆ. ಅದಕ್ಕೇ ನಾಲ್ಕು ರ‍್ಯಾಂಕ್‌ನ (ರ‍್ಯಾಂಕ್ ಅಂದರೆ ಒಟ್ಟಿಗೆ ಕೆಲಸ ಮಾಡುವ ಚಿಪ್‌ಗಳ ಒಂದು ಗುಂಪು) ದೊಡ್ಡ ಸ್ಟಿಕ್‌ಗಳನ್ನು ಚಾನೆಲ್‌ಗೆ ಎರಡು ಮೂರು ಹಾಕಿದರೂ ತಡೆದುಕೊಳ್ಳುತ್ತದೆ. ಬದಲಿಗೆ ಬೆಲೆ, ಶಾಖ, ಸ್ವಲ್ಪ ತಡ.

ಕಣ್ಣಲ್ಲೇ ಗುರುತಿಸಬಹುದು. ಡಿಡಿಆರ್4 ಎಲ್‌ಆರ್‌ಡಿಮ್‌ನಲ್ಲಿ ಚಿನ್ನದ ಬಣ್ಣದ ಕಾಲುಗಳ ಮೇಲೇ ಒಂಬತ್ತು ಚಿಕ್ಕ ಚಿಪ್‌ಗಳ ಸಾಲು ಕಾಣುತ್ತದೆ. ಆರ್‌ಡಿಮ್‌ನಲ್ಲಿ ಆ ಸಾಲು ಇರುವುದಿಲ್ಲ.

ಎಸ್‌ಪಿ ರೋಡ್ ಸುತ್ತಾಟ · ಮಂಗಳವಾರ ಬೆಳಿಗ್ಗೆ 7:15

ಲೇಬಲ್ ಓದುವುದನ್ನು ಕಲಿತುಕೊಳ್ಳಿ, ಅರ್ಧ ಮೋಸ ಅಲ್ಲೇ ತಪ್ಪುತ್ತದೆ. "2ಆರ್" ಅಂದರೆ ಎರಡು ರ‍್ಯಾಂಕ್. "ಎಕ್ಸ್4" ಅಂದರೆ ಪ್ರತಿ ಚಿಪ್ ನಾಲ್ಕು ಬಿಟ್ ಕೊಡುತ್ತದೆ. ಒಂದು ರ‍್ಯಾಂಕ್‌ಗೆ 64 ಬಿಟ್ ಡೇಟಾ, 8 ಬಿಟ್ ಇಸಿಸಿ (ಡೇಟಾದ ತಪ್ಪು ಹಿಡಿದು ಸರಿಮಾಡುವ ವ್ಯವಸ್ಥೆ), ಒಟ್ಟು 72. ನಾಲ್ಕರಿಂದ ಭಾಗಿಸಿದರೆ 18 ಚಿಪ್. ನಿಮ್ಮ 16 ಜಿಬಿ 1ಆರ್‌ಎಕ್ಸ್4, ಹಾಗಾಗಿ ಎಣಿಸಿದರೆ 18 ಇರಬೇಕು. 32 ಜಿಬಿ 2ಆರ್‌ಎಕ್ಸ್4 ಆದರೆ 36. ಎಣಿಸಿ ನೋಡಿ.

ವೇಗದ ಪಕ್ಕದ ಅಕ್ಷರ: 2133ಕ್ಕೆ ಪಿ, 2400ಕ್ಕೆ ಟಿ, 2666ಕ್ಕೆ ವಿ, 2933ಕ್ಕೆ ವೈ, 3200ಕ್ಕೆ ಎಎ. ಅದರ ಮುಂದಿನ ಅಕ್ಷರ ಆರ್ ಇದ್ದರೆ ಆರ್‌ಡಿಮ್, ಎಲ್ ಇದ್ದರೆ ಎಲ್‌ಆರ್‌ಡಿಮ್, ಇ ಇದ್ದರೆ ಇಸಿಸಿ ಇರುವ ಯುಡಿಮ್, ಯು ಇದ್ದರೆ ಸಾದಾ.

ಸ್ಯಾಮ್‌ಸಂಗ್ ಆದರೆ ಪಾರ್ಟ್ ನಂಬರಿನ ಮೊದಲ ಅಂಕಿಗಳೇ ಸಾಕು. ಎಂ393 ಆರ್‌ಡಿಮ್, ಎಂ386 ಎಲ್‌ಆರ್‌ಡಿಮ್, ಎಂ391 ಇಸಿಸಿ ಯುಡಿಮ್, ಎಂ378 ಮನೆಯ ಪಿಸಿಯದ್ದು.

ಬೆಣ್ಣೆದೋಸೆ · 8:02

ಲೇಬಲ್ ನಂಬಬೇಡಿ ಸರ್. ಎರಡು ವರ್ಷದ ಹಿಂದೆ ನಾನು ಒಂದು ಅಂಗಡಿಯಿಂದ ನಾಲ್ಕು ಸ್ಟಿಕ್ ತಂದೆ. ಹೊರಗಿನ ಸ್ಟಿಕರ್ 2666 ಅನ್ನುತ್ತಿತ್ತು. ಲಿನಕ್ಸ್‌ನಲ್ಲಿ ಡಿಎಂಐಡಿಕೋಡ್ ಹಾಕಿ ನೋಡಿದರೆ ಎರಡು 2133. ಯಾರೋ ಮೇಲೆ ಹೊಸ ಸ್ಟಿಕರ್ ಅಂಟಿಸಿದ್ದರು. ಹದಿನೈದು ದಿನ ಓಡಾಡಿ ಬದಲಿಸಿಕೊಂಡೆ. ಆ ಓಡಾಟದ ಸಂಕಟ ಇನ್ನೂ ಮರೆತಿಲ್ಲ.

ಎಸ್‌ಪಿ ರೋಡ್ ಸುತ್ತಾಟ · 8:10

ಹೌದು, ಇದು ಮುಖ್ಯ. ಸ್ಟಿಕ್ ಒಳಗಿನ ಚಿಕ್ಕ ಚಿಪ್‌ನಲ್ಲಿ ಅದರ ನಿಜವಾದ ವಿವರ ಇರುತ್ತದೆ, ಡಿಎಂಐಡಿಕೋಡ್ ತೋರಿಸುವುದು ಅದನ್ನೇ. ಸ್ಟಿಕರ್ ಬದಲಿಸುವುದು ಸುಲಭ, ಅದನ್ನು ಬದಲಿಸುವುದು ಅಷ್ಟು ಸುಲಭ ಅಲ್ಲ. ಬಿಲ್ ತಗೊಳ್ಳಿ, ಬಿಲ್ ಮೇಲೆ ಸೀರಿಯಲ್ ನಂಬರ್ ಬರೆಸಿ. ಬಿಲ್ ಇಲ್ಲದೆ ಸ್ವಲ್ಪ ಕಡಿಮೆಗೆ ಕೊಡುತ್ತೇನೆ ಅಂದರೆ ಬೇಡ ಅನ್ನಿ.

ದಕ್ಷಿಣದ್ವಾರ · 9:30

ಇಷ್ಟೆಲ್ಲ ಪರೀಕ್ಷೆ, ಓಡಾಟ ಯಾಕೆ ಅಂತಲೇ ನಾನು ಕೇಳುತ್ತಿರುವುದು. ಹೊಸ ರೈಜನ್ ಬೋರ್ಡ್‌ನಲ್ಲಿ 64 ಜಿಬಿಯ ನಾಲ್ಕು ಡಿಡಿಆರ್5 ಹಾಕಿದರೆ ಅಲ್ಲೇ 256. ಹೊಸ ವಾರಂಟಿ. ಕರೆಂಟ್ ಬಿಲ್ ಕೂಡ ಕಡಿಮೆ, ಅವರ ಎರಡು ಪ್ರೊಸೆಸರ್ ತಲಾ 135 ವ್ಯಾಟ್‌ದ್ದು. ಡಿಡಿಆರ್5ರಲ್ಲಿ ಇಸಿಸಿ ಕೂಡ ಒಳಗೇ ಇರುತ್ತದೆ.

ಮೈನ್ ನದಿ ದಂಡೆ · 12:47

ಕೊನೆಯ ವಾಕ್ಯ ತಪ್ಪು, ದಯವಿಟ್ಟು ತಿದ್ದಿಕೊಳ್ಳಿ. ಇದನ್ನು ನಂಬಿ ತುಂಬಾ ಜನ ಸಾದಾ ರ‍್ಯಾಮ್ ತಗೊಳ್ಳುತ್ತಿದ್ದಾರೆ.

ಡಿಡಿಆರ್5 ಚಿಪ್ ಒಳಗೆ ಇರುವ ಇಸಿಸಿ ಆ ಚಿಪ್ ಒಳಗಿನ ತಪ್ಪನ್ನು ಮಾತ್ರ ಸರಿಮಾಡುತ್ತದೆ. ಚಿಪ್‌ಗಳು ತುಂಬಾ ಸಣ್ಣದಾಗಿ, ದಟ್ಟವಾಗಿ ಆದದ್ದರಿಂದ ತಯಾರಕರಿಗೇ ಅದು ಬೇಕಾಯಿತು. ಚಿಪ್‌ನಿಂದ ಪ್ರೊಸೆಸರ್‌ವರೆಗಿನ ದಾರಿಯಲ್ಲಿ ಆಗುವ ತಪ್ಪು ಅದಕ್ಕೆ ಗೊತ್ತಾಗುವುದಿಲ್ಲ, ತಪ್ಪಾಯಿತು ಅಂತ ಆಪರೇಟಿಂಗ್ ಸಿಸ್ಟಮ್‌ಗೆ ವರದಿಯನ್ನೂ ಕೊಡುವುದಿಲ್ಲ. ಸರ್ವರ್ ಇಸಿಸಿ ಬೇರೆ. ಅದಕ್ಕೆ ಹೆಚ್ಚಿನ ಚಿಪ್, ಹೆಚ್ಚಿನ ತಂತಿ ಬೇಕು.

ರ‍್ಯಾಕ್ ಕಾವಲು · 1:05

ಇನ್ನೂ ಒಂದು ಲೆಕ್ಕ ಹೇಳುತ್ತೇನೆ. ರೈಜನ್ 7000, 9000ದಲ್ಲಿ ನಾಲ್ಕು ಸ್ಟಿಕ್ ಹಾಕಿದರೆ ಎಎಂಡಿ ಅಧಿಕೃತವಾಗಿ ಒಪ್ಪುವ ವೇಗ ಡಿಡಿಆರ್5-3600. ಎರಡೇ ಚಾನೆಲ್ ಇರುವುದರಿಂದ ಒಟ್ಟು ಸೆಕೆಂಡಿಗೆ 57.6 ಜಿಬಿ. ಹಳೆಯ ಡ್ಯುಯಲ್ ಇ5 ವಿ4ನಲ್ಲಿ ಎಂಟೂ ಚಾನೆಲ್ ತುಂಬಿದರೆ 153.6. ಕೋರ್ ವೇಗದಲ್ಲಿ ಹೊಸದು ಎಷ್ಟೋ ಮುಂದೆ, ಅದು ನಿಜ. ಆದರೆ ಮೆಮೊರಿಯ ವಿಷಯದಲ್ಲಿ 2016ರ ಸರ್ವರ್ ಪ್ರೊಸೆಸರ್ ಇವತ್ತಿನ ಡೆಸ್ಕ್‌ಟಾಪ್‌ಗೆ ಸೋಲುವುದಿಲ್ಲ.

ಹೊಸದೇ ಬೇಕು ಅಂದರೆ ಥ್ರೆಡ್‌ರಿಪರ್ 7000 ನೋಡಬೇಕು, ನಾಲ್ಕು ಚಾನೆಲ್. ಪ್ರೊ ಆದರೆ ಎಂಟು. ಅವಕ್ಕೆ ಡಿಡಿಆರ್5 ಆರ್‌ಡಿಮ್ ಮಾತ್ರ ಆಗುತ್ತದೆ. ಬೆಲೆಯ ಅಂದಾಜು ಕೇಳಿ ನೋಡಿ, ಆಮೇಲೆ ಮಾತಾಡೋಣ.

ದಕ್ಷಿಣದ್ವಾರ · 1:22

ಇಸಿಸಿ ಬಗ್ಗೆ ತಿದ್ದಿದ್ದಕ್ಕೆ ಧನ್ಯವಾದ, ನನಗೆ ಗೊತ್ತಿರಲಿಲ್ಲ. ಆದರೂ ಕೇಳುತ್ತೇನೆ, 3ಡಿ ಮಾದರಿ ಮಾಡುವವರಿಗೆ ಇಸಿಸಿ ಬೇಕೇ ಬೇಕಾ? ಒಂದು ಬಿಟ್ ತಪ್ಪಿದರೆ ಕಲ್ಲಿನ ಮೇಲೆ ಒಂದು ಚುಕ್ಕೆ ಆಚೀಚೆ ಆಗುತ್ತದೆ, ಅಷ್ಟೇ ಅಲ್ವಾ?

ಬೆಣ್ಣೆದೋಸೆ · 1:48

ಎಲ್ಲಿ ತಪ್ಪುತ್ತದೆ ಅಂತ ನೀವು ಆರಿಸುವ ಹಾಗಿದ್ದರೆ ಆ ಮಾತು ಸರಿ. ನಮ್ಮ ಕಡೆಯ ಒಂದು ಸಹಕಾರ ಸಂಘದ ಲೆಕ್ಕದ ಯಂತ್ರ ನಾನು ನೋಡಿಕೊಳ್ಳುತ್ತಿದ್ದೆ. ಸರ್ವರ್ ಅಂತ ಹೆಸರು, ಒಳಗೆ ಸಾದಾ ಪಿಸಿ, ಸಾದಾ ರ‍್ಯಾಮ್. ಮೂರು ತಿಂಗಳು ಡೇಟಾಬೇಸ್ ಆಗಾಗ ಕೆಡುತ್ತಿತ್ತು. ಸಾಫ್ಟ್‌ವೇರ್ ಬದಲಿಸಿದೆವು, ಡಿಸ್ಕ್ ಬದಲಿಸಿದೆವು, ವೈರಸ್ ಹುಡುಕಿದೆವು. ಕೊನೆಗೆ ರಾತ್ರಿಯಿಡೀ ಮೆಮ್‌ಟೆಸ್ಟ್ ಓಡಿಸಿದಾಗ ಒಂದು ಸ್ಟಿಕ್ ಕೆಟ್ಟಿದೆ ಅಂತ ಗೊತ್ತಾಯಿತು. ಅಷ್ಟರಲ್ಲಿ ಬ್ಯಾಕಪ್‌ಗಳಲ್ಲೂ ಕೆಟ್ಟ ಡೇಟಾ ಸೇರಿತ್ತು. ರೈತರ ಸಾಲದ ಖಾತೆಗಳನ್ನು ಪುಸ್ತಕದಿಂದ ನೋಡಿ ನೋಡಿ ಮತ್ತೆ ಬರೆದೆವು. ಇಸಿಸಿ ಇದ್ದಿದ್ದರೆ ಮೊದಲ ವಾರವೇ ಯಂತ್ರ ಎಚ್ಚರಿಸುತ್ತಿತ್ತು.

ಪ್ರಯೋಗಶಾಲೆ · 2:10

ನಿಮ್ಮ ಅನುಭವ ಓದಿ ಬೇಜಾರಾಯಿತು. 2009ರಲ್ಲಿ ಗೂಗಲ್ ಮತ್ತು ಟೊರೊಂಟೊ ವಿಶ್ವವಿದ್ಯಾಲಯದವರು ಗೂಗಲ್‌ನ ಸರ್ವರ್‌ಗಳನ್ನೇ ಅಧ್ಯಯನ ಮಾಡಿ ಪ್ರಕಟಿಸಿದ್ದರು. ವರ್ಷಕ್ಕೆ ನೂರರಲ್ಲಿ ಎಂಟಕ್ಕಿಂತ ಹೆಚ್ಚು ಸ್ಟಿಕ್‌ಗಳಲ್ಲಿ ಸರಿಮಾಡಬಲ್ಲ ತಪ್ಪು ಕಂಡಿತ್ತು. ಅದಕ್ಕೂ ಮೊದಲು ಜನ ಅಂದುಕೊಂಡಿದ್ದಕ್ಕಿಂತ ಎಷ್ಟೋ ಜಾಸ್ತಿ. ಸ್ಟಿಕ್ ಹೆಚ್ಚಿದಷ್ಟೂ ಎಲ್ಲೋ ಒಂದು ಕೆಡುವ ಸಾಧ್ಯತೆಯೂ ಹೆಚ್ಚು. ದೊಡ್ಡ ಮೆಮೊರಿಗೆ ಹೋಗುವವರು ಇಸಿಸಿ ಬಿಡಬೇಡಿ.

ಹುಬ್ಬಳ್ಳಿ ಗಾಳಿ · 3:33

ಒಂದು ಬೇರೆ ವಿಚಾರ ಕೇಳ್ತೀನ್ರಿ. ಇಂಟೆಲ್‌ನ ಆಪ್ಟೇನ್ ಅನ್ನುವ ಬೇರೆ ಬಗೆಯ ಮೆಮೊರಿಯ 128 ಜಿಬಿ ಸ್ಟಿಕ್ ಸೆಕೆಂಡ್ ಹ್ಯಾಂಡ್‌ನಲ್ಲಿ ಕಡಿಮೆಗೆ ಸಿಗುತ್ತವೆ. ಅವನ್ನೇ ಹಾಕಬಹುದಲ್ಲ?

ರ‍್ಯಾಕ್ ಕಾವಲು · 3:40

ಇವರ ಯಂತ್ರದಲ್ಲಿ ಆಗುವುದಿಲ್ಲ. ಆಪ್ಟೇನ್ ಸ್ಟಿಕ್ ಡಿಡಿಆರ್4 ಸ್ಲಾಟ್‌ಗೆ ಕೂರುವ ಆಕಾರದಲ್ಲೇ ಇದೆ, ಆದರೆ ಅದನ್ನು ಅರ್ಥಮಾಡಿಕೊಳ್ಳುವ ಪ್ರೊಸೆಸರ್ 2019ರ ಎರಡನೇ ತಲೆಮಾರಿನ ಜಿಯಾನ್ ಸ್ಕೇಲಬಲ್‌ನಿಂದ ಶುರು. ಅಲ್ಲೂ ಎಲ್ಲ ಮಾದರಿಗೂ ಆಗುವುದಿಲ್ಲ, ಪಕ್ಕದಲ್ಲಿ ಸಾದಾ ಡಿಡಿಆರ್4 ಕೂಡ ಬೇಕು. ಇಂಟೆಲ್ 2022ರಲ್ಲೇ ಆ ಕೆಲಸ ನಿಲ್ಲಿಸುತ್ತೇವೆ ಅಂತ ಹೇಳಿಬಿಟ್ಟಿತು. ಸ್ಲಾಟ್‌ಗೆ ಕೂತ ಮಾತ್ರಕ್ಕೆ ಕೆಲಸ ಮಾಡುತ್ತದೆ ಅಂತ ಅಲ್ಲ. ಡಿಡಿಆರ್4 ಆರ್‌ಡಿಮ್ ಕೂಡ ಮನೆಯ ಪಿಸಿಯ ಸ್ಲಾಟ್‌ಗೆ ಚೆನ್ನಾಗಿ ಕೂರುತ್ತದೆ, ಆದರೆ ಪಿಸಿ ಆನ್ ಆಗುವುದಿಲ್ಲ. ಡಿಡಿಆರ್5ರಲ್ಲಿ ಮಾತ್ರ ಎರಡರ ಕಚ್ಚು ಬೇರೆ ಬೇರೆ ಕಡೆ ಇಟ್ಟಿದ್ದಾರೆ, ಕೂರುವುದೇ ಇಲ್ಲ. ಒಳ್ಳೆಯ ಕೆಲಸ.

ಹುಬ್ಬಳ್ಳಿ ಗಾಳಿ · 3:44

ಚಲೋ ಆತು ಕೇಳಿದ್ದು. ನಾಳೆ ತಗೊಳ್ಳೋನಿದ್ದೆ.

ಕರಾವಳಿ ಕೋಡ್ · 5:15

ಬೆಲೆಯ ಬಗ್ಗೆ ಯಾರೂ ಮಾತಾಡಲಿಲ್ಲ. ಹಳೆಯ ಡಿಡಿಆರ್4 ಯಾಕೆ ಇಷ್ಟು ದುಬಾರಿ ಆಗಿದೆ? ಹಳೆಯದಾದಷ್ಟೂ ಇಳಿಯಬೇಕಲ್ವಾ?

ಮೈನ್ ನದಿ ದಂಡೆ · 6:30

ಜಗತ್ತಿನ ರ‍್ಯಾಮ್ ಚಿಪ್ ಬಹುಪಾಲು ಮಾಡುವವರು ಮೂವರು: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಎಐ ಕಾರ್ಡ್‌ಗಳಿಗೆ ಬೇಕಾದ ಎಚ್‌ಬಿಎಂ ಮೆಮೊರಿಯಲ್ಲಿ ಲಾಭ ಜಾಸ್ತಿ, ಹಾಗಾಗಿ ಕಾರ್ಖಾನೆಯ ಸಾಮರ್ಥ್ಯ ಆ ಕಡೆ ತಿರುಗಿತು. ಡಿಡಿಆರ್4 ತಯಾರಿಕೆಯನ್ನು ಕಡಿಮೆ ಮಾಡುತ್ತಾ ಬಂದರು. 2025ರ ಕೊನೆಯ ತಿಂಗಳುಗಳಲ್ಲಿ ಬೆಲೆ ಜೋರಾಗಿ ಏರಿತು. ಮೈಕ್ರಾನ್ ಅಂತೂ ಆ ಡಿಸೆಂಬರ್‌ನಲ್ಲಿ ತನ್ನ ಕ್ರೂಶಿಯಲ್ ಹೆಸರಿನ ಗ್ರಾಹಕ ವ್ಯಾಪಾರವನ್ನೇ ಮುಚ್ಚುವುದಾಗಿ ಹೇಳಿತು.

ಸೆಕೆಂಡ್ ಹ್ಯಾಂಡ್ ಸರ್ವರ್ ರ‍್ಯಾಮ್ ಬರುವುದು ದೊಡ್ಡ ಡೇಟಾ ಸೆಂಟರ್‌ಗಳು ಹಳೆಯ ಸರ್ವರ್ ಬಿಚ್ಚಿದಾಗ. ಅವರೂ ಈಗ ಬೇಗ ಬಿಚ್ಚುತ್ತಿಲ್ಲ. ಬೇಕಾದಷ್ಟೇ ತಗೊಳ್ಳಿ, ನಾಳೆಗೆ ಅಂತ ಕೂಡಿಡಬೇಡಿ. ಬೇಕಾದದ್ದನ್ನು ಮುಂದಕ್ಕೂ ಹಾಕಬೇಡಿ.

ನಿರ್ವಾಹಕರು · 6:45

ಬೆಲೆ ಏರಿಕೆಗೆ ಬೇರೆ ಎಳೆ ಇದೆ. ಇಲ್ಲಿ ಪ್ರಶ್ನೆಗೇ ಉಳಿಯೋಣ.

ಕಲ್ಲುಮಂಟಪ · ಬುಧವಾರ ರಾತ್ರಿ 8:20

ಪ್ರಯೋಗಶಾಲೆ ಮೇಡಂ ಹೇಳಿದ ಹಾಗೆ ಓಡಿಸಿ ನೋಡಿದೆ. ಫೋಟೋ ಹೆಚ್ಚಿದ ಹಾಗೆ ಮೆಮೊರಿ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಏರುತ್ತದೆ. ನಮ್ಮ ದೊಡ್ಡ ಮಂಟಪಕ್ಕೆ ಸುಮಾರು 170 ಜಿಬಿ ಬೇಕಾಗಬಹುದು ಅಂತ ಲೆಕ್ಕ ಬಂತು. 256 ಸಾಕು. 32ರ ಎಂಟು ತಗೊಳ್ಳುತ್ತೇನೆ.

ಹಳೆಯ 16ರ ನಾಲ್ಕನ್ನು ಜೊತೆಗೆ ಇಟ್ಟರೆ 320 ಆಗುತ್ತದೆ. ಇಡಲೋ ಬೇಡವೋ?

ರ‍್ಯಾಕ್ ಕಾವಲು · 8:36

ಎಲ್ಲ ಆರ್‌ಡಿಮ್ ಆದ್ದರಿಂದ ಇಡಬಹುದು, ಕೆಲಸ ಮಾಡುತ್ತದೆ. ಆದರೆ ಕೆಲವು ಚಾನೆಲ್‌ನಲ್ಲಿ 48, ಕೆಲವದರಲ್ಲಿ 32 ಆಗುತ್ತದೆ. ಸಮ ಇರುವ ಭಾಗ ನಾಲ್ಕೂ ಚಾನೆಲ್‌ನಲ್ಲಿ ಹಂಚಿಕೊಂಡು ಓಡುತ್ತದೆ, ಮೇಲೆ ಉಳಿದದ್ದು ನಿಧಾನ. 170 ಸಾಕಾಗುವವರಿಗೆ ಅದರ ಅಗತ್ಯ ಇಲ್ಲ. ಈಗಿನ ಬೆಲೆಯಲ್ಲಿ ಮಾರಿಬಿಡಿ.

ಸ್ಲಾಟ್ ಕ್ರಮ ಯಂತ್ರದ ಕೈಪಿಡಿಯಲ್ಲಿ ಇದೆ, ಅದರಂತೆಯೇ ಹಾಕಿ. ಎರಡೂ ಪ್ರೊಸೆಸರ್‌ಗೆ ಸಮವಾಗಿ ನಾಲ್ಕು ನಾಲ್ಕು. ರ‍್ಯಾಮ್ ಮೇಲಿನ ಗಾಳಿಯ ಮುಚ್ಚಳ ಮತ್ತೆ ಹಾಕಲು ಮರೆಯಬೇಡಿ.

ಕಲ್ಲುಮಂಟಪ · ಶನಿವಾರ ಸಂಜೆ 6:55

ಎಂಟು ಸ್ಟಿಕ್ ತಂದೆ. ಎಲ್ಲ ಎಂ393, ಎಲ್ಲ 2ಆರ್‌ಎಕ್ಸ್4. ಅಂಗಡಿಯಲ್ಲೇ ಚಿಪ್ ಎಣಿಸಿದೆ, 36 ಇವೆ. ಬಿಲ್ ಮೇಲೆ ಸೀರಿಯಲ್ ನಂಬರ್ ಬರೆಸಿದೆ. ಆರು 2400ಟಿ, ಎರಡು 2666ವಿ ಸಿಕ್ಕವು.

ಆದರೆ ಈಗ ತೊಂದರೆ. ಯಂತ್ರ 224 ಜಿಬಿ ಮಾತ್ರ ತೋರಿಸುತ್ತಿದೆ. ಒಂದು ಸ್ಟಿಕ್ ಕಾಣುತ್ತಿಲ್ಲ. ಆ 2666ರದ್ದೇ ಸಮಸ್ಯೆಯಾ?

ಎಸ್‌ಪಿ ರೋಡ್ ಸುತ್ತಾಟ · 7:02

2666 ಇಳಿದು 2400ರಲ್ಲಿ ಓಡುತ್ತದೆ, ಅದರಿಂದ ಮಾಯ ಆಗುವುದಿಲ್ಲ. ಕಾಣದ ಸ್ಟಿಕ್ ತೆಗೆದು ಬೇರೆ ಸ್ಲಾಟ್‌ನದರ ಜೊತೆ ಅದಲುಬದಲು ಮಾಡಿ. ತಪ್ಪು ಸ್ಟಿಕ್ ಜೊತೆ ಹೋಗುತ್ತದಾ, ಸ್ಲಾಟ್‌ನಲ್ಲೇ ಉಳಿಯುತ್ತದಾ ನೋಡಿ.

ಕಲ್ಲುಮಂಟಪ · 7:40

ಸ್ಲಾಟ್‌ನಲ್ಲೇ ಉಳಿಯಿತು. ಎರಡನೇ ಪ್ರೊಸೆಸರ್ ಕಡೆಯ ಒಂದು ಸ್ಲಾಟ್. ಯಾವ ಸ್ಟಿಕ್ ಹಾಕಿದರೂ ಕಾಣುವುದಿಲ್ಲ. ಮೊದಲು ಆ ಸ್ಲಾಟ್ ಖಾಲಿ ಇತ್ತು, ಹಾಗಾಗಿ ಗೊತ್ತೇ ಆಗಿರಲಿಲ್ಲ. ಬೋರ್ಡ್ ಹೋಗಿದೆಯಾ? ತುಂಬಾ ಚಿಂತೆ ಆಗುತ್ತಿದೆ.

ಮೈನ್ ನದಿ ದಂಡೆ · 8:15

ಗಾಬರಿ ಬೇಡ. ಇದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಮೆಮೊರಿ ಕಂಟ್ರೋಲರ್ ಇರುವುದು ಪ್ರೊಸೆಸರ್ ಒಳಗೆ. ಚಾನೆಲ್‌ನ ತಂತಿಗಳು ಸಾಕೆಟ್‌ನ ಪಿನ್‌ಗಳ ಮೂಲಕ ಹೋಗುತ್ತವೆ. ಪ್ರೊಸೆಸರ್ ಸರಿಯಾಗಿ ಕೂರದೆ ಇದ್ದರೆ, ಹೀಟ್‌ಸಿಂಕ್ ಒಂದು ಕಡೆ ಬಿಗಿ ಒಂದು ಕಡೆ ಸಡಿಲ ಇದ್ದರೆ, ಕೆಲವು ಪಿನ್ ಮುಟ್ಟುವುದಿಲ್ಲ. ಆಗ ಒಂದು ಚಾನೆಲ್ ಮಾಯ.

ಕರೆಂಟ್ ತೆಗೆಯಿರಿ. ಹೀಟ್‌ಸಿಂಕ್ ಬಿಚ್ಚಿ, ಪ್ರೊಸೆಸರ್ ಎತ್ತಿ, ಸಾಕೆಟ್ ಮೇಲೆ ಟಾರ್ಚ್ ಓರೆಯಾಗಿ ಹಿಡಿದು ನೋಡಿ. ಬಗ್ಗಿದ ಪಿನ್ ಇದ್ದರೆ ಹೊಳಪು ಬೇರೆ ಥರ ಕಾಣುತ್ತದೆ. ನೀವು ಕೈ ಹಾಕಬೇಡಿ, ಫೋಟೋ ಹಾಕಿ. ಪಿನ್ ಸರಿ ಇದ್ದರೆ ಪ್ರೊಸೆಸರ್ ತಳ ಒರೆಸಿ, ಮೇಲ್ಭಾಗಕ್ಕೆ ಶಾಖ ಸಾಗಿಸುವ ಹೊಸ ಪೇಸ್ಟ್ ಹಚ್ಚಿ, ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಒಂದನ್ನೇ ಪೂರ್ತಿ ತಿರುಗಿಸಬೇಡಿ.

ಬೆಣ್ಣೆದೋಸೆ · 8:20

ಪೇಸ್ಟ್ ಪಿನ್ ಮೇಲೆ ಬೀಳದ ಹಾಗೆ ನೋಡಿಕೊಳ್ಳಿ ಸರ್. ಒರೆಸಲು ಹೋಗಿ ಪಿನ್ ಬಗ್ಗಿಸಿದವರನ್ನು ಕಂಡಿದ್ದೇನೆ.

ಕಲ್ಲುಮಂಟಪ · ಭಾನುವಾರ ಬೆಳಿಗ್ಗೆ 11:30

ಬಂತು! 256 ಜಿಬಿ ಪೂರ್ತಿ ಕಾಣುತ್ತಿದೆ.

ಪಿನ್ ಎಲ್ಲ ಸರಿ ಇದ್ದವು. ಪ್ರೊಸೆಸರ್ ತಳದ ಅಂಚಿನಲ್ಲಿ ಒಣಗಿದ ಹಳೆಯ ಪೇಸ್ಟ್ ಅಂಟಿತ್ತು, ಒರೆಸಿದೆ. ಹೀಟ್‌ಸಿಂಕ್‌ನ ಒಂದು ಸ್ಕ್ರೂ ಕೈಯಲ್ಲೇ ತಿರುಗುವಷ್ಟು ಸಡಿಲ ಇತ್ತು. ಎದುರುಬದುರಾಗಿ ಬಿಗಿ ಮಾಡಿದೆ. ಮೊದಲ ಸಲ ಆನ್ ಮಾಡಿದಾಗ ಪರದೆ ತುಂಬಾ ಹೊತ್ತು ಕಪ್ಪಾಗಿಯೇ ಇತ್ತು, ಎದೆ ಹೊಡೆದುಕೊಳ್ಳುತ್ತಿತ್ತು.

ರ‍್ಯಾಕ್ ಕಾವಲು · 11:41

ತುಂಬಾ ಸಂತೋಷ. ಮೆಮೊರಿ ಜಾಸ್ತಿ ಇದ್ದಾಗ ಮೊದಲ ಬೂಟ್ ನಿಧಾನ, ಅದು ಸಹಜ. ಎಲ್ಲ ಸ್ಟಿಕ್‌ನ ಸಮಯವನ್ನು ಯಂತ್ರ ಹೊಂದಿಸಿಕೊಳ್ಳುತ್ತಿರುತ್ತದೆ. ಈಗ ಕೆಲಸ ಶುರು ಮಾಡುವ ಮೊದಲು ಮೆಮ್‌ಟೆಸ್ಟ್86 ಪ್ಲಸ್ ಒಂದು ರಾತ್ರಿ ಪೂರ್ತಿ ಓಡಲಿ. ಅಂಗಡಿಯ ಬದಲಿಸುವ ಅವಧಿ ಮುಗಿಯುವುದರೊಳಗೆ ಮಾಡಿ. ಆಮೇಲೆ ಲಿನಕ್ಸ್‌ನಲ್ಲಿ ರಾಸ್‌ಡೀಮನ್ ಹಾಕಿಡಿ, ಯಾವ ಸ್ಟಿಕ್‌ನಲ್ಲಿ ಎಷ್ಟು ತಪ್ಪು ಸರಿಮಾಡಿತು ಅಂತ ಬರೆದಿಡುತ್ತದೆ. ಯಾವಾಗಲೋ ಒಂದು ಬಂದರೆ ಪರವಾಗಿಲ್ಲ. ಒಂದೇ ಸ್ಟಿಕ್‌ನಲ್ಲಿ ಮತ್ತೆ ಮತ್ತೆ ಬಂದರೆ ಬದಲಿಸಿ.

ಕಲ್ಲುಮಂಟಪ · ಮಂಗಳವಾರ ಬೆಳಿಗ್ಗೆ 8:05

ಮೆಮ್‌ಟೆಸ್ಟ್‌ನಲ್ಲಿ ಒಂದೂ ತಪ್ಪು ಇಲ್ಲ. ನಿನ್ನೆ ಬೆಳಿಗ್ಗೆ ದೊಡ್ಡ ಮಂಟಪದ ಕೆಲಸ ಹಾಕಿದ್ದೆ, ರಾತ್ರಿ ಒಂದು ಗಂಟೆಗೆ ಮುಗಿಯಿತು. ಗರಿಷ್ಠ 181 ಜಿಬಿ ತಿಂದಿತ್ತು. ಕಂಬದ ಮೇಲಿನ ಮಣಿಸರದ ಒಂದೊಂದು ಮಣಿಯೂ ಬಿಡಿಬಿಡಿಯಾಗಿ ಬಂದಿದೆ. ಇಷ್ಟು ದಿನ ಅದನ್ನು ತುಂಡು ತುಂಡಾಗಿ ಮಾಡಿ ಜೋಡಿಸುತ್ತಿದ್ದೆವು, ಜೋಡಿಸಿದ ಕಡೆ ಗೆರೆ ಕಾಣುತ್ತಿತ್ತು. ಎಲ್ಲರಿಗೂ ಮನಸಾರೆ ಧನ್ಯವಾದ.

ಹಳೆಯ 16 ಜಿಬಿ ಆರ್‌ಡಿಮ್ ನಾಲ್ಕು ಇವೆ, ಪರೀಕ್ಷಿಸಿದ್ದು. ಯಾರಿಗಾದರೂ ಬೇಕಾ?

ಪ್ರಯೋಗಶಾಲೆ · 8:22

ನಮಗೆ ಬೇಕು. ವಿದ್ಯಾರ್ಥಿಗಳು ಕಲಿಯಲು ಒಂದು ಹಳೆಯ ಸರ್ವರ್ ಇದೆ, ಅದರಲ್ಲಿ ನಾಲ್ಕು ಚಾನೆಲ್ ಖಾಲಿ ಬಿದ್ದಿವೆ. ಸೀರಿಯಲ್ ನಂಬರ್ ಫೋಟೋ ಕಳಿಸಿ.